ದುರ್ಗಮ ಬೆಟ್ಟದ ಮೇಲೆ ವಿಮಾನ ಹಾರಿಸುವುದನ್ನು ನಿಷೇಧಿಸುವ ಕುರಿತು

ಅಳತೆ ಇಲಾಖೆ
ಅಧೀಕ್ಷಕರ ಕಾರ್ಯಾಲಯ, ಎರಡನೇ ಮಹಡಿ (ಲಿಫ್ಟ್ ಇರುವುದಿಲ್ಲ)

ಸಂಖ್ಯೆ: ಅಇ/ಊಟವಿರಾಮ/ಯುದ್ಧ/ಬೆಟ್ಟ/೧
ದಿನಾಂಕ: ಸೋಮವಾರ

ಸುತ್ತೋಲೆ

ವಿಷಯ: ಮನರಂಜನಾ ಕೊಠಡಿಯ ಯುದ್ಧದ ಹಲಗೆಯಾಟದಲ್ಲಿ ‘ದುರ್ಗಮ’ ಎಂದು ಗುರುತಿಸಿರುವ ಬೆಟ್ಟಸಾಲಿನ ಮೇಲಿಂದ ವಿಮಾನಗಳ ಸಂಚಾರವನ್ನು ಪೂರ್ವಾನ್ವಯವಾಗಿ ನಿಷೇಧಿಸುವ ಬಗ್ಗೆ.

ಉಲ್ಲೇಖ:
(೧) ಕಳೆದ ಶುಕ್ರವಾರ ಮಧ್ಯಾಹ್ನ ೧.೫೨ಕ್ಕೆ ಸಂಭವಿಸಿದ ದುರ್ಘಟನೆ.
(೨) ಟಪಾಲು ಶಾಖೆಯ ಮೇಡಂ ಅವರ ವರ್ಗಾವಣೆ ಅರ್ಜಿ, ಎಂಟು ನೆನಪೋಲೆಗಳ ಸಹಿತ.
(೩) ತೀರ್ಪುಗಾರರ ಅಭಿಪ್ರಾಯ (ಯಾರೂ ಕೇಳದೆಯೇ ನೀಡಿದ್ದು).
(೪) ಆಟದ ನಿಯಮ ಪುಸ್ತಕ (ಲಭ್ಯವಿಲ್ಲ).

ಪ್ರಸ್ತಾವನೆ:

ಈ ಕಚೇರಿಯಲ್ಲಿ ಕಳೆದ ಹದಿನಾಲ್ಕು ವರ್ಷಗಳಿಂದ ಪ್ರತಿದಿನ ಮಧ್ಯಾಹ್ನ ಒಂದೂಕಾಲರಿಂದ ಎರಡೂಕಾಲರವರೆಗೆ ಮಹಾಯುದ್ಧ ನಡೆಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ. ಸದರಿ ಯುದ್ಧದ ಹಲಗೆಯಲ್ಲಿ ಎಡಕ್ಕೊಂದು ದೇಶ, ಬಲಕ್ಕೊಂದು ದೇಶ, ನಡುವೆ ಕಂದು ಬಣ್ಣದ ಬೆಟ್ಟಸಾಲು, ಕೆಳಗೆ ಸಮುದ್ರ ಇರುತ್ತವೆ. ಬೆಟ್ಟದ ಮೇಲೆ ಸಣ್ಣಕ್ಷರದಲ್ಲಿ ‘ದುರ್ಗಮ’ ಎಂದು ಅಚ್ಚಾಗಿದೆ. ಮೂಲ ಕಾಯಿಗಳೆಲ್ಲ ಕಾಲಕ್ರಮೇಣ ಕಳೆದುಹೋದ ಕಾರಣ ಗುಂಡುಪಿನ್ನುಗಳನ್ನು ಪದಾತಿಗಳೆಂದೂ, ಅಳಿಸುವ ರಬ್ಬರುಗಳನ್ನು ಟ್ಯಾಂಕುಗಳೆಂದೂ, ಅರಗಿನ ತುಂಡುಗಳನ್ನು ಹಡಗುಗಳೆಂದೂ, ಕಾಗದ ಕಚ್ಚುವ ಕಪ್ಪು ಕ್ಲಿಪ್ಪುಗಳನ್ನು ವಿಮಾನಗಳೆಂದೂ ಸ್ಟೋರಿನಿಂದ ಒದಗಿಸಲಾಗಿದೆ. ನಿಯಮ ಪುಸ್ತಕವನ್ನು ಹನ್ನೊಂದು ವರ್ಷಗಳ ಹಿಂದೆ ಒಂದು ಸಣ್ಣ ಸಂಶಯದ ನಿವಾರಣೆಗಾಗಿ ಮೇಲಿನ ಕಚೇರಿಗೆ ಕಳುಹಿಸಿದ್ದು, ಅಭಿಪ್ರಾಯವನ್ನು ನಿರೀಕ್ಷಿಸಲಾಗಿದೆ. ಅಲ್ಲಿಯವರೆಗೆ ನಿಯಮಗಳನ್ನು ಈ ಕಚೇರಿಯೇ ಮಾಡಿಕೊಳ್ಳುತ್ತಿದೆ.

ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಸದರಿ ಹಲಗೆಯ ಮೇಲೆ ಇದುವರೆಗೆ ಮೂರು ಸಾವಿರದ ನಾನೂರು ಯುದ್ಧಗಳನ್ನು ಗೆದ್ದಿರುತ್ತಾರೆ. ಸೋತ ಯುದ್ಧಗಳ ಕಡತ ಸಿಗುತ್ತಿಲ್ಲ. ಇವರು ಮೇಜಿಗೆ ಬಂದು ತೋಳು ಮಡಚಿದರೆ ಎದುರಾಳಿಯ ಟ್ಯಾಂಕುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಒಮ್ಮೆ ಇವರು ಸುಮ್ಮನೆ ಕೆಮ್ಮಿದ್ದಕ್ಕೆ ಎರಡು ಬಂದರುಗಳು ಶರಣಾಗಿದ್ದವು. ನಿಜವಾದ ಸೈನ್ಯದ ಇಬ್ಬರು ಸೇನಾಧಿಪತಿಗಳು ಸಲಹೆ ಕೇಳಲು ಬಂದು, ವರಾಂಡದ ಬೆಂಚಿನ ಮೇಲೆ ಸಂಜೆಯವರೆಗೆ ಕಾದು ವಾಪಸಾದರೆಂದು ಜವಾನರು ಹೇಳುತ್ತಾರೆ. ತಾವು ಹಾಗೆ ಹೇಳಿಯೇ ಇಲ್ಲವೆಂದೂ ಜವಾನರು ಹೇಳುತ್ತಾರೆ. ಎರಡನೆಯದನ್ನು ಪರಿಗಣಿಸುವ ಅಗತ್ಯವಿಲ್ಲ.

ಟಪಾಲು ಶಾಖೆಯ ಮೇಡಂ (ಇನ್ನು ಮುಂದೆ ‘ಮೇಡಂ’) ಬೆಟ್ಟದಾಚೆಯ ಕಚೇರಿಗೆ ವರ್ಗಾವಣೆ ಕೋರಿ ಅರ್ಜಿ ಸಲ್ಲಿಸಿ ನಾಲ್ಕು ವರ್ಷಗಳಾಗಿವೆ. ಇದು ಹಲಗೆಯ ಬೆಟ್ಟವಲ್ಲ, ಹೊರಗಡೆ ಇರುವ ನಿಜವಾದ ಬೆಟ್ಟ. ಅದರಾಚೆ ಅವರ ಯಜಮಾನರೂ ಮೂರನೇ ಕ್ಲಾಸಿನ ಮಗಳೂ ಇದ್ದಾರೆ. ಬೆಟ್ಟ ಸುತ್ತಿಕೊಂಡು ಬಸ್ಸಿನಲ್ಲಿ ಹೋದರೆ ಹನ್ನೊಂದು ಗಂಟೆ ಹಿಡಿಯುತ್ತದೆ. ಅರ್ಜಿಯು ಅಧೀಕ್ಷಕರ ಮೇಜಿನ ಎರಡನೇ ಡ್ರಾಯರಿನಲ್ಲಿ ಪರಿಶೀಲನೆಯಲ್ಲಿದ್ದು, ಬದಲಿ ವ್ಯವಸ್ಥೆ ಆಗುವವರೆಗೆ ಬಿಡುಗಡೆ ಮಾಡಲಾಗದೆಂದು ಎಂಟೂ ನೆನಪೋಲೆಗಳಿಗೆ ಉತ್ತರಿಸಲಾಗಿದೆ. ಬದಲಿ ವ್ಯವಸ್ಥೆ ಬೇಕಿರುವುದು ಟಪಾಲಿಗಲ್ಲ. ಟಪಾಲಿಗೆ ಮೂವರು ಸಾಲಿನಲ್ಲಿ ನಿಂತಿದ್ದಾರೆ. ಬೇಕಿರುವುದು ಆಟಕ್ಕೆ. ಬೇರೆ ಎದುರಾಳಿಗಳನ್ನು ಪ್ರಯತ್ನಿಸಿ ನೋಡಲಾಗಿದೆ. ಟೈಪಿಸ್ಟ್ ಮೂರನೇ ನಡೆಗೆ ನಿದ್ದೆ ಹೋಗುತ್ತಾರೆ. ಸರ್ವೇಯರ್ ಅವರು ಮೇಲಧಿಕಾರಿಯ ಮೇಲಿನ ಗೌರವದಿಂದ ಮೊದಲ ನಡೆಯಲ್ಲೇ ತಮ್ಮ ರಾಜಧಾನಿಯನ್ನು ಬಿಟ್ಟುಕೊಟ್ಟು, ಬೇಕಿದ್ದರೆ ಬಂದರನ್ನೂ ಇಟ್ಟುಕೊಳ್ಳಿ ಎನ್ನುತ್ತಾರೆ.

ಪ್ರಸ್ತುತ ಯುದ್ಧವು ಎರಡು ವಾರದ ಹಿಂದಿನ ಸೋಮವಾರ ಆರಂಭವಾಯಿತು. ಅಂದು ಮೇಡಂ ಗುಂಡುಪಿನ್ನುಗಳನ್ನು ಜೋಡಿಸುತ್ತಾ, ತಲೆ ಎತ್ತದೆ, “ಈ ಸಲ ನಾನು ಗೆದ್ದರೆ ಸಹಿ ಹಾಕ್ತೀರಾ ಸಾರ್?” ಎಂದು ಕೇಳಿರುತ್ತಾರೆ. ಅಧೀಕ್ಷಕರು, “ನನ್ನ ರಾಜಧಾನಿ ಹಿಡಿದು ತೋರಿಸಿ ಮೇಡಂ, ನಿಂತ ನಿಲುವಲ್ಲೇ ಹಾಕ್ತೀನಿ” ಎಂದು ದೊಡ್ಡ ಮನಸ್ಸಿನಿಂದ ಉತ್ತರಿಸಿರುತ್ತಾರೆ. ಕಚೇರಿಯೆಲ್ಲ ದೊಡ್ಡಣ್ಣ ಎಂದು ಕರೆಯುವ ದಾಖಲೆ ಕೋಣೆಯ ಹಿರಿಯರು ಆಟದ ತೀರ್ಪುಗಾರರೂ ಆಗಿದ್ದು, ತಕ್ಷಣ ನಡವಳಿ ಬರೆದು ಇಬ್ಬರ ಸಹಿಯನ್ನೂ ಪಡೆದಿರುತ್ತಾರೆ. ಅದರಂತೆ ಮೇಡಂ ಅವರ ದಳಗಳು ಅಧೀಕ್ಷಕರ ರಾಜಧಾನಿಯನ್ನು ವಶಪಡಿಸಿಕೊಂಡ ಕ್ಷಣದಿಂದಲೇ ಅವರು ಈ ಕಚೇರಿಯಿಂದ ಬಿಡುಗಡೆಗೊಂಡಂತೆ. ದೊಡ್ಡಣ್ಣನವರಿಗೆ ಇಷ್ಟು ಚುರುಕು ಕೈಬರಹ ಇರುವುದು ಅಂದೇ ಗೊತ್ತಾಯಿತು. ಕಡತ ಹುಡುಕಿಕೊಡಿ ಎಂದರೆ ಮಾತ್ರ ಅವರಿಗೆ ಮೂರು ದಿನ ಬೇಕು.

ಕಳೆದ ಶುಕ್ರವಾರ ಅಧೀಕ್ಷಕರು ಚಹಾ ಆರಿಸಿಕೊಳ್ಳುತ್ತಿದ್ದ ಸಮಯವನ್ನು ದುರುಪಯೋಗಪಡಿಸಿಕೊಂಡು ಮೇಡಂ ಅವರ ನಾಲ್ಕು ವಿಮಾನಗಳು ಬೆಟ್ಟಸಾಲಿನ ಮೇಲಿಂದ ನೇರವಾಗಿ ಹಾರಿ ಬಂದು, ಪದಾತಿಗಳನ್ನಿಳಿಸಿ, ರಾಜಧಾನಿಯನ್ನು ವಶಪಡಿಸಿಕೊಂಡವು. ಮೇಡಂ ಒಂದೇ ಮಾತು ಹೇಳಿದರು: “ಸಾರ್, ರಾಜಧಾನಿ.”

ಆದ್ದರಿಂದ ಈ ಸುತ್ತೋಲೆ.

೧. ‘ದುರ್ಗಮ’ ಎಂದರೆ ಹೋಗಲಾಗದ್ದು. ಪದಾತಿ ಹೋಗುವಂತಿಲ್ಲ, ಟ್ಯಾಂಕು ಹೋಗುವಂತಿಲ್ಲ, ಆದ್ದರಿಂದ ವಿಮಾನವೂ ಹೋಗುವಂತಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ರೆಕ್ಕೆ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬರಿಗೆ ವಿಶೇಷ ಸೌಲಭ್ಯ ನೀಡಿದರೆ ನಾಳೆ ಗುಂಡುಪಿನ್ನುಗಳೆಲ್ಲ ಒಟ್ಟಾಗಿ ಮನವಿ ಸಲ್ಲಿಸುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಈ ಬಗ್ಗೆ ದೊಡ್ಡಣ್ಣನವರು, ವಿಮಾನ ಬೆಟ್ಟ ಹತ್ತುವುದಿಲ್ಲ, ಮೇಲಿಂದ ಹೋಗುತ್ತದೆ, ಅದಕ್ಕೇ ತಾನೇ ಅಷ್ಟು ಗದ್ದಲ ಮಾಡುವುದು ಎಂದು ಅಭಿಪ್ರಾಯಪಟ್ಟಿದ್ದಾರೆ. ಸದರಿ ಅಭಿಪ್ರಾಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಅವರು ಈವರೆಗೆ ವಿಮಾನ ಹತ್ತಿಲ್ಲವೆಂಬ ಕಾರಣಕ್ಕೆ ತಿರಸ್ಕರಿಸಲಾಗಿದೆ. ಅಧೀಕ್ಷಕರೂ ಹತ್ತಿಲ್ಲ. ಆದರೆ ಅವರು ಹತ್ತದಿರುವುದು ಬೇರೆ ಮಟ್ಟದ್ದು.

೨. ಎತ್ತರ ದಾಖಲಾಗದ ಜಾಗದ ಮೇಲೆ ಗೆರೆ ಎಳೆಯುವಂತಿಲ್ಲ ಎಂಬುದು ಈ ಇಲಾಖೆಯ ಹಳೆಯ ಪದ್ಧತಿ. ಹಲಗೆಯ ಬೆಟ್ಟಕ್ಕೆ ಬಣ್ಣವಿದೆ, ನೆರಳಿದೆ, ತುದಿಯಲ್ಲಿ ಸ್ವಲ್ಪ ಹಿಮವೂ ಇದೆ, ಎತ್ತರ ಮಾತ್ರ ಎಲ್ಲಿಯೂ ನಮೂದಾಗಿಲ್ಲ. ಎತ್ತರ ನಮೂದಾಗದ ಬೆಟ್ಟವನ್ನು ಅಳತೆಯಾಗುವವರೆಗೆ ಮಿತಿಯೇ ಇಲ್ಲದಷ್ಟು ಎತ್ತರದ್ದೆಂದು ಭಾವಿಸತಕ್ಕದ್ದು. ಅದಕ್ಕಿಂತ ಮೇಲೆ ಹಾರಬಲ್ಲ ವಿಮಾನವನ್ನು ಯಾರೂ ತಯಾರಿಸಿಲ್ಲ. ತಯಾರಿಸಿದ್ದರೂ ನಮ್ಮ ಸ್ಟೋರಿನಲ್ಲಿ ಇಲ್ಲ.

೩. ನ್ಯಾಯದ ದೃಷ್ಟಿಯಿಂದ ಶನಿವಾರ ಬೆಟ್ಟವನ್ನು ಅಳೆಯಲು ಸರ್ವೇಯರ್ ಅವರನ್ನು ನಿಯೋಜಿಸಲಾಗಿತ್ತು. ಅವರು ಮೂರು ಕಾಲಿನ ಸ್ಟ್ಯಾಂಡು, ಉಪಕರಣ, ಕೆಂಪು ಬಿಳಿ ಪಟ್ಟೆಯ ಕೋಲು ಮತ್ತು ಇಬ್ಬರು ಸರಪಳಿ ಹಿಡಿಯುವವರೊಂದಿಗೆ ಮನರಂಜನಾ ಕೊಠಡಿಗೆ ತೆರಳಿ, ಮೇಜಿನ ಮೇಲೆ ನಿಂತು ನಾಲ್ಕು ಗಂಟೆ ಕಾಲ ದುಡಿದು, ಬೆಟ್ಟದ ಎತ್ತರ ಸೊನ್ನೆ, ಬಣ್ಣದ ದಪ್ಪ ಸೇರಿಸಿದರೆ ಸೊನ್ನೆಗಿಂತ ತುಸು ಹೆಚ್ಚು ಎಂದು ವರದಿ ಸಲ್ಲಿಸಿರುತ್ತಾರೆ. ಸದರಿ ವರದಿಯನ್ನು ಒಪ್ಪಲಾಗುವುದಿಲ್ಲ. ಅಷ್ಟು ದೊಡ್ಡ ಬೆಟ್ಟವನ್ನು ಅಷ್ಟು ಹತ್ತಿರದಿಂದ ಕಂಡಾಗ ಉಪಕರಣಕ್ಕೆ ಎದೆ ನಡುಗಿರುವುದು ಸ್ಪಷ್ಟವಾಗಿದ್ದು, ಅದಕ್ಕೆ ಒಂದು ವಾರದ ವಿಶ್ರಾಂತಿ ಮಂಜೂರು ಮಾಡಲಾಗಿದೆ.

೪. ಬೆಟ್ಟದ ದುರ್ಗಮತೆಯು ಹಲಗೆಗೆ ಮಾತ್ರ ಸೀಮಿತವಲ್ಲ. ಅದು ನೇರವಾಗಿ ಮೇಲಕ್ಕೆ ಛಾವಣಿಯವರೆಗೆ ವಿಸ್ತರಿಸಿರುತ್ತದೆ. ಛಾವಣಿಯ ಫ್ಯಾನಿನ ರೆಕ್ಕೆಗಳು ಒಂದು ನಿಮಿಷಕ್ಕೆ ಇನ್ನೂರು ಬಾರಿ ದುರ್ಗಮ ಪ್ರದೇಶವನ್ನು ದಾಟುತ್ತಿರುವುದು ಗಮನಕ್ಕೆ ಬಂದಿದ್ದು, ಫ್ಯಾನನ್ನು ಅಮಾನತಿನಲ್ಲಿಡಲಾಗಿದೆ. ಸೆಕೆಯಾದವರು ಕಿಟಕಿಯ ಕಡೆಗೆ ಮುಖ ಮಾಡಿ ಕೂರಬಹುದು. ಕಿಟಕಿ ತೆರೆಯುವ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

೫. ವಿಮಾನವನ್ನು ಎತ್ತಿ ಇಡುವ ಕೈಯನ್ನು ವಿಮಾನದ ಭಾಗವೆಂದೇ ಪರಿಗಣಿಸತಕ್ಕದ್ದು. ಆದುದರಿಂದ ಕೈಯೂ ಬೆಟ್ಟದ ಮೇಲಿಂದ ಹಾಯುವಂತಿಲ್ಲ. ಕೈಗೆ ಅಂಟಿಕೊಂಡಿರುವ ವ್ಯಕ್ತಿಗೂ ಇದು ಅನ್ವಯಿಸುತ್ತದೆ. ಎಡ ದೇಶದಿಂದ ಬಲ ದೇಶಕ್ಕೆ ವಿಮಾನ ಸಾಗಿಸಬೇಕಾದವರು ಕ್ಲಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕುರ್ಚಿಯಿಂದ ಎದ್ದು, ವರಾಂಡಕ್ಕೆ ಬಂದು, ದಾಖಲೆ ಕೋಣೆ ಹಾದು, ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ಸುತ್ತಿ, ಹಿಂಬದಿಯ ಮೆಟ್ಟಿಲು ಹತ್ತಿ, ಇನ್ನೊಂದು ಬಾಗಿಲಿನಿಂದ ಕೊಠಡಿ ಪ್ರವೇಶಿಸತಕ್ಕದ್ದು. ದಾರಿಯುದ್ದಕ್ಕೂ ವಿಮಾನದ ಸದ್ದು ಮಾಡುವುದು ಕಡ್ಡಾಯ. ಬಾಯಲ್ಲಿ ಎಲೆ ಅಡಿಕೆ, ಬಿಸ್ಕತ್ತು ಇತ್ಯಾದಿ ಇರುವವರು ಗುನುಗಬಹುದು.

೬. ಚಹಾದ ಟ್ರೇಯನ್ನು ಬೆಟ್ಟದ ಮೇಲಿಂದ ಚಾಚಿ ಕೊಡುವ ಜವಾನರ ಅಭ್ಯಾಸವನ್ನು ತೀವ್ರವಾಗಿ ಪರಿಗಣಿಸಲಾಗಿದೆ. ಇನ್ನು ಮುಂದೆ ಟ್ರೇಯೂ ಕಂಡಿಕೆ ೫ರ ಮಾರ್ಗದಲ್ಲೇ ಸಾಗತಕ್ಕದ್ದು. ಚಹಾ ಆರಿದ ಬಗ್ಗೆ ಬರುವ ದೂರುಗಳನ್ನು ಯುದ್ಧದ ಅನಿವಾರ್ಯ ಕಷ್ಟನಷ್ಟಗಳ ಪಟ್ಟಿಗೆ ಸೇರಿಸಲಾಗುವುದು. ಬೆಟ್ಟದ ಮೇಲೆ ಬೆರಳು ತೋರಿಸುವುದು, ಬಗ್ಗಿ ನೋಡುವುದು ಮತ್ತು ಸೀನುವುದನ್ನೂ ಇದೇ ಕಂಡಿಕೆಯಡಿ ನಿಷೇಧಿಸಲಾಗಿದೆ.

೭. ಶನಿವಾರ ಅಳತೆಯ ಸಮಯದಲ್ಲಿ ಒಂದು ನೊಣವು ಸಕ್ಷಮ ಪ್ರಾಧಿಕಾರದ ಅನುಮತಿ ಇಲ್ಲದೆ ಬೆಟ್ಟಸಾಲನ್ನು ಆರು ಬಾರಿ ದಾಟಿ, ಏಳನೆಯ ಬಾರಿ ತುದಿಯ ಹಿಮದ ಮೇಲೆ ಕೂತು ಮುಂಗಾಲು ಉಜ್ಜಿಕೊಂಡಿದೆ. ಅದಕ್ಕೆ ಕಾರಣ ಕೇಳುವ ನೋಟಿಸ್ ಜಾರಿ ಮಾಡಲಾಯಿತು. ಸ್ವೀಕರಿಸಲು ನಿರಾಕರಿಸಿದ್ದರಿಂದ ನಿಯಮಾನುಸಾರ ಅದರ ಕೊನೆಯ ವಾಸಸ್ಥಳವಾದ ಕಿಟಕಿಯ ಚೌಕಟ್ಟಿಗೆ ಅಂಟಿಸಲಾಗಿದೆ. ಇಬ್ಬರು ಸಾಕ್ಷಿಗಳು ಸಹಿ ಮಾಡಿದ್ದಾರೆ.

೮. ಬೆಟ್ಟ ದಾಟಲಾಗದ ವಿಮಾನಗಳು ಸಮುದ್ರದ ಕಡೆಯಿಂದ ಬಳಸಿ ಹೋಗತಕ್ಕದ್ದು. ಬಳಸುದಾರಿ ಹನ್ನೊಂದು ಮನೆಗಳಷ್ಟಿದ್ದು, ವಿಮಾನದ ಶಕ್ತಿ ಆರೇ ಮನೆಗಳದ್ದೆಂಬುದು ನಿಜ. ಉಳಿದ ಐದು ಮನೆಗಳನ್ನು ವಿಮಾನವು ಸ್ವಂತ ಜವಾಬ್ದಾರಿಯ ಮೇಲೆ ಈಜಿ ದಾಟಬಹುದು. ಈಜು ಬರುವ ಪ್ರಮಾಣ ಪತ್ರವನ್ನು ಮುಂಚಿತವಾಗಿ ಹಾಜರುಪಡಿಸತಕ್ಕದ್ದು.

೯. ಹಾಗಿದ್ದೂ ಬೆಟ್ಟದ ಮೇಲಿಂದಲೇ ಹೋಗಬೇಕೆಂಬ ಹಟವಿರುವವರು ನಮೂನೆ ‘ಹ-೭’ರಲ್ಲಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಜೊತೆಗೆ ಬೆಟ್ಟದಿಂದ ನಿರಾಕ್ಷೇಪಣಾ ಪತ್ರವನ್ನು ಲಗತ್ತಿಸತಕ್ಕದ್ದು. ಬೆಟ್ಟವು ಮೂವತ್ತು ದಿನಗಳೊಳಗೆ ಉತ್ತರಿಸದಿದ್ದರೆ ಆಕ್ಷೇಪಣೆ ಇದೆ ಎಂದೇ ಭಾವಿಸಲಾಗುವುದು. ಬೆಟ್ಟ ಉತ್ತರಿಸಿದರೆ ತಕ್ಷಣ ಈ ಕಚೇರಿಗೆ ತಿಳಿಸತಕ್ಕದ್ದು.

೧೦. ಅಧೀಕ್ಷಕರ ರಾಜಧಾನಿಯ ಸುತ್ತ ಶುಕ್ರವಾರ ೧.೫೩ಕ್ಕೆ ನೈಸರ್ಗಿಕವಾಗಿ ಉದ್ಭವಿಸಿದ ಕಂದು ಬಣ್ಣದ ಕೆರೆಯನ್ನೂ ದುರ್ಗಮ ಪ್ರದೇಶವೆಂದು ಘೋಷಿಸಲಾಗಿದೆ. ಅದು ಅಧೀಕ್ಷಕರ ಕಪ್ಪಿನಿಂದ ಚೆಲ್ಲಿದ ಚಹಾ ಎಂದು ಹಬ್ಬಿರುವ ಸುದ್ದಿಯಲ್ಲಿ ಹುರುಳಿಲ್ಲ. ಕೆರೆಯಲ್ಲಿ ಸಕ್ಕರೆ ಇರುವುದು ಕಾಕತಾಳೀಯ.

೧೧. ಶುಕ್ರವಾರ ಹಾರಿದ ನಾಲ್ಕು ವಿಮಾನಗಳು ಬೆಟ್ಟಕ್ಕೆ ಬಡಿದು ಪತನಗೊಂಡಿರುವುದಾಗಿ ವಿಷಾದದಿಂದ ತಿಳಿಸಲಾಗಿದೆ. ಅವು ಈಗಲೂ ರಾಜಧಾನಿಯ ಮೇಲೆ ಕಾಣಿಸುತ್ತಿರುವುದು ಬೆಳಕಿನ ದೋಷ. ಸೋಮವಾರ ಬೆಳಿಗ್ಗೆ ಮೃತ ಕ್ಲಿಪ್ಪುಗಳ ಗೌರವಾರ್ಥ ಒಂದು ನಿಮಿಷ ಮೌನ ಆಚರಿಸಲಾಯಿತು. ಮೂವತ್ತನೆಯ ಸೆಕೆಂಡಿಗೆ ಟೈಪಿಸ್ಟ್ ಗೊರಕೆ ಹೊಡೆದಿದ್ದು, ಅದನ್ನು ದುಃಖದ ಬಿಕ್ಕಳಿಕೆ ಎಂದು ದಾಖಲಿಸಲಾಗಿದೆ. ಮೃತ ವಿಮಾನಗಳ ಅವಲಂಬಿತರಾದ ಎಂಟು ಚಿಕ್ಕ ಕ್ಲಿಪ್ಪುಗಳಿಗೆ ಅನುಕಂಪದ ಆಧಾರದ ಮೇಲೆ ಕಡತ ಶಾಖೆಯಲ್ಲಿ ನೌಕರಿ ನೀಡಲಾಗಿದೆ.

೧೨. ಶುಕ್ರವಾರ ವಿಮಾನಗಳು ಬೆಟ್ಟ ದಾಟಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಲ್ಲಿ, ಅವರು ಕಂಡಿರುವುದಿಲ್ಲ.

೧೩. ಈ ಸುತ್ತೋಲೆಯು ಪ್ರಸ್ತುತ ಯುದ್ಧದ ಮೊದಲ ನಡೆಯಿಂದಲೇ, ಪೂರ್ವಾನ್ವಯವಾಗಿ, ಎಲ್ಲ ವಿಮಾನಗಳಿಗೂ, ಯಾವುದೇ ವಿನಾಯಿತಿ ಇಲ್ಲದೆ ಅನ್ವಯಿಸುತ್ತದೆ. ಯಾವ ಅಧಿಕಾರಿಗೂ ಇದನ್ನು ಸಡಿಲಿಸುವ ಅಧಿಕಾರವಿರುವುದಿಲ್ಲ, ಈ ಕೆಳಗೆ ಸಹಿ ಮಾಡಿರುವವರಿಗೂ ಸಹ. ತತ್ಪರಿಣಾಮವಾಗಿ ರಾಜಧಾನಿ ಬಿದ್ದಿಲ್ಲ, ಮೇಡಂ ಗೆದ್ದಿಲ್ಲ, ಅರ್ಜಿಯು ಎರಡನೇ ಡ್ರಾಯರಿನಲ್ಲಿ ಪರಿಶೀಲನೆಯಲ್ಲಿ ಮುಂದುವರಿಯತಕ್ಕದ್ದು.

೧೪. ಮೇಲಿನ ಹದಿಮೂರು ಕಂಡಿಕೆಗಳು ಟೈಪಾಗಿ, ಹೊರ ಸಂಖ್ಯೆ ಪಡೆಯಲು ಬೆಳಿಗ್ಗೆ ಹನ್ನೊಂದೂವರೆಗೆ ಟಪಾಲು ಶಾಖೆಗೆ ಹೋದವು. ಹೊರ ಸಂಖ್ಯೆ ಬೀಳದ ಕಾಗದ ಈ ಕಚೇರಿಯಿಂದ ಹೊರಗೆ ಹೋಗುವಂತಿಲ್ಲ. ಹೊರ ಸಂಖ್ಯೆ ಹಾಕುವವರು ಮೇಡಂ. ಅವರು ಓದದೆ ಹಾಕುವುದಿಲ್ಲ. ಹನ್ನೆರಡು ಗಂಟೆಗೆ ಸುತ್ತೋಲೆ ವಾಪಸು ಬಂದಿದ್ದು, ಬದಿಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿತ್ತು: “ಸಾರ್, ಹೋದ ಮಂಗಳವಾರ ನಿಮ್ಮ ಮೂರು ವಿಮಾನಗಳು ಇದೇ ಬೆಟ್ಟದ ಮೇಲಿಂದ ಬಂದು ನನ್ನ ಬಂದರನ್ನೂ ನಾಲ್ಕು ಹಡಗುಗಳನ್ನೂ ಸುಟ್ಟವು. ಅವಕ್ಕೂ ಇದೇ ನಿಯಮ ತಾನೇ? ಸಂಖ್ಯೆ ಹಾಕಲೇ?”

೧೫. ಸದರಿ ಟಿಪ್ಪಣಿಯನ್ನು ಪರಿಶೀಲಿಸಲಾಯಿತು. ತರುವಾಯ ಕೆಳಕಂಡ ಕ್ರಮಗಳಿಗೆ ಪ್ರಯತ್ನಿಸಲಾಯಿತು. ಸುತ್ತೋಲೆಯನ್ನು ಹರಿದು ಹೊಸದಾಗಿ ಟೈಪು ಮಾಡುವಂತೆ ಸೂಚಿಸಿದಾಗ, ಟೈಪಾದ ಸುತ್ತೋಲೆಗೆ ಸೇರಿಸಬಹುದೇ ಹೊರತು ಕಳೆಯುವಂತಿಲ್ಲ ಎಂಬ ನಿಯಮವನ್ನು ಟೈಪಿಸ್ಟ್ ಕಣ್ಣು ತೆರೆಯದೆಯೇ ನೆನಪಿಸಿದರು. ಆ ನಿಯಮ ಮಾಡಿದ್ದು ಅಧೀಕ್ಷಕರೇ, ಮತ್ತು ಅದು ಇಲಾಖೆಯ ಚರಿತ್ರೆಯಲ್ಲೇ ಅತ್ಯುತ್ತಮ ನಿಯಮವೆಂದು ಅವರು ಹಲವು ಸಭೆಗಳಲ್ಲಿ ಹೇಳಿರುತ್ತಾರೆ. ನಂತರ, ಮಂಗಳವಾರ ಹಾರಿದ್ದು ವಿಮಾನಗಳಲ್ಲ, ಬರೀ ಕ್ಲಿಪ್ಪುಗಳು ಎಂದು ವಾದಿಸಲಾಯಿತು. ಹಾಗಾದರೆ ಬಂದರು ಸುಟ್ಟವರು ಯಾರು ಎಂದು ದೊಡ್ಡಣ್ಣನವರು ಕೇಳಿದರು. ಬಂದರು ತಾನಾಗಿಯೇ ಸುಟ್ಟುಕೊಂಡಿತು ಎಂಬ ಉತ್ತರವು ಅಧೀಕ್ಷಕರಿಗೇ ಸಮಾಧಾನ ತರಲಿಲ್ಲ.

೧೬. ಈ ಆಟದಲ್ಲಿ ಒಂದು ದಿನ ಒಬ್ಬರದು, ಮರುದಿನ ಇನ್ನೊಬ್ಬರದು ನಡೆ. ತಮ್ಮ ನಡೆ ಮುಗಿದ ಕೂಡಲೇ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗು ಒತ್ತಿ ತೀರ್ಪುಗಾರರ ವಶಕ್ಕೆ ಕೊಡುವುದು ಪದ್ಧತಿ. ಮೇಡಂ ಹೋದ ಸೋಮವಾರವೇ ಕೊಟ್ಟಿದ್ದ ಬುಧವಾರದ ಲಕೋಟೆಯು, ಹಡಗುಗಳೇ ಸುಟ್ಟುಹೋದ ಕಾರಣ ಜಾರಿಯಾಗದೆ ಕಡತ ಸೇರಿತ್ತು. ಕಡತ ಹುಡುಕಲು ಮೂರು ದಿನ ತೆಗೆದುಕೊಳ್ಳುವ ದೊಡ್ಡಣ್ಣನವರು ಇದನ್ನು ಮೂರು ನಿಮಿಷದಲ್ಲಿ ತಂದರು. ಒಳಗೆ ‘ನಾಲ್ಕು ಹಡಗು, ಎಂಟು ಪದಾತಿ, ನೇರ ರಾಜಧಾನಿಗೆ’ ಎಂದು ಬರೆದಿತ್ತು. ಅಂದು ಅಧೀಕ್ಷಕರ ರಾಜಧಾನಿಯಲ್ಲಿ ಒಂದು ಗುಂಡುಪಿನ್ನೂ ಇರಲಿಲ್ಲ. ತಮ್ಮ ಹೆಸರು ಕೇಳಿದರೇ ಶತ್ರು ಬೆವರುತ್ತಾನೆ, ಕಾವಲು ದಂಡ ಎಂಬುದು ಅವರ ನಿಲುವಾಗಿತ್ತು.

೧೭. ಆದ್ದರಿಂದ ಪರಿಸ್ಥಿತಿ ಹೀಗಿದೆ. ಈ ಸುತ್ತೋಲೆ ಸಿಂಧುವಾದರೆ ಮಂಗಳವಾರದ ದಾಳಿ ನಡೆದೇ ಇಲ್ಲ, ಹಡಗುಗಳು ಸುಟ್ಟಿಲ್ಲ, ರಾಜಧಾನಿ ಬುಧವಾರ ೧.೨೦ಕ್ಕೇ ಬಿದ್ದಿದೆ. ಸುತ್ತೋಲೆ ಅಸಿಂಧುವಾದರೆ ವಿಮಾನಗಳು ಬೆಟ್ಟ ದಾಟಬಹುದು, ರಾಜಧಾನಿ ಶುಕ್ರವಾರ ೧.೫೨ಕ್ಕೆ ಬಿದ್ದಿದೆ. ಗುರುವಾರ ಬೀಳುವ ಸಾಧ್ಯತೆಯನ್ನೂ ಪರಿಶೀಲಿಸಲಾಯಿತು. ಅದರಿಂದ ಪ್ರಯೋಜನ ಕಾಣಲಿಲ್ಲ.

೧೮. ಅಧೀಕ್ಷಕರು ಆದಾಗ್ಯೂ ಬೆಟ್ಟವನ್ನು ಮತ್ತೊಮ್ಮೆ, ಈ ಬಾರಿ ತಾವೇ ಖುದ್ದಾಗಿ ಅಳೆಯುವುದಾಗಿ ಪ್ರಕಟಿಸಿ, ಅಡಿಕೋಲಿನೊಂದಿಗೆ ಮನರಂಜನಾ ಕೊಠಡಿಗೆ ಹೋದರು. ಆಗ ದೊಡ್ಡಣ್ಣನವರು ಬಾಗಿಲು ಮುಂದಕ್ಕೆಳೆದು, ಬೇರೆ ಯಾರಿಗೂ ಕೇಳದಂತೆ, “ಸಾರ್, ನೀವು ಬೆಟ್ಟ ಎತ್ತರ ಮಾಡ್ತಿರೋದು ವಿಮಾನಕ್ಕಲ್ಲ. ಆ ತಾಯಿಗೆ” ಎಂದರು. ಅಳತೆ ಬರೆಯದೆ ಅಡಿಕೋಲನ್ನು ಸ್ಟೋರಿಗೆ ಹಿಂತಿರುಗಿಸಲಾಗಿದೆ.

೧೯. ಎರಡು ಗಂಟೆ ಹತ್ತು ನಿಮಿಷಕ್ಕೆ ಅಧೀಕ್ಷಕರ ಬದಿಯಲ್ಲಿರುವ ಕೊಠಡಿಯ ಫೋನು ರಿಂಗಾಯಿತು. ಈ ಹೊತ್ತಿಗೆ ಫೋನು ಮಾಡುವುದು ಮೇಡಂ ಅವರ ಮಗಳು. ಅಷ್ಟರಲ್ಲಿ ಆಟಕ್ಕೆ ಬಂದು ಹಲಗೆಯ ಆಚೆ ಬದಿ ಕೂತಿದ್ದ ಮೇಡಂ ಕಂಡಿಕೆ ೫ನ್ನು ಪಾಲಿಸಿ, ಬೆಟ್ಟದ ಮೇಲಿಂದ ಕೈ ಚಾಚದೆ, ಎದ್ದು ಸುತ್ತಿ ಬರಲು ಬಾಗಿಲಿನ ಕಡೆಗೆ ಹೊರಟರು. ಅವರು ಸೈಕಲ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಫೋನು ನಿಂತುಹೋಗುವ ಸಂಭವವಿದ್ದುದರಿಂದ ಅಧೀಕ್ಷಕರೇ ಅದನ್ನು ಎತ್ತಬೇಕಾಯಿತು. ಮಗು, “ಅಮ್ಮಾ, ಸಾರ್ ಒಪ್ಪಿಕೊಂಡ್ರಾ?” ಎಂದು ಕೇಳಿತು. ಅಧೀಕ್ಷಕರು, “ಸಾರೇ ಮಾತಾಡ್ತಿರೋದು ಪುಟ್ಟ. ಅಮ್ಮ ಬರ್ತಾಳೆ” ಎಂದಿರುತ್ತಾರೆ. ನಂತರ ಫೋನಿನ ವಯರು ಎಳೆದು ಬೆಟ್ಟದ ಮೇಲಿಂದಲೇ ಆಚೆ ಬದಿಗೆ ಕೊಟ್ಟಿರುತ್ತಾರೆ. ಈ ಉಲ್ಲಂಘನೆಯ ಬಗ್ಗೆ ಅವರು ತಮಗೆ ತಾವೇ ಕಾರಣ ಕೇಳುವ ನೋಟಿಸ್ ನೀಡಿಕೊಂಡು, ಉತ್ತರ ತೃಪ್ತಿಕರವಾಗಿದೆ ಎಂದು ಕಡತ ಮುಕ್ತಾಯಗೊಳಿಸಿರುತ್ತಾರೆ.

೨೦. ಆದುದರಿಂದ ಮೇಡಂ ಅವರನ್ನು ಕಳೆದ ಬುಧವಾರ ಮಧ್ಯಾಹ್ನ ೧.೨೦ರಿಂದ ಅನ್ವಯವಾಗುವಂತೆ ಈ ಕಚೇರಿಯಿಂದ ಬಿಡುಗಡೆಗೊಳಿಸಿ, ಬೆಟ್ಟದಾಚೆಯ ಕಚೇರಿಯಲ್ಲಿ ವರದಿ ಮಾಡಿಕೊಳ್ಳುವಂತೆ ಆದೇಶಿಸಲಾಗಿದೆ. ಬುಧವಾರದ ನಂತರ ಅವರು ಸಂಖ್ಯೆ ಹಾಕಿದ ಇನ್ನೂರ ಹದಿನಾಲ್ಕು ಪತ್ರಗಳು ಕಚೇರಿಗೆ ಸಂಬಂಧಪಡದ ವ್ಯಕ್ತಿಯಿಂದ ಸಂಖ್ಯೆ ಪಡೆದಂತಾಗಿದ್ದು, ಅವುಗಳಿಗೂ ಈ ಸುತ್ತೋಲೆಗೂ ಘಟನೋತ್ತರ ಅನುಮೋದನೆ ನೀಡಲಾಗಿದೆ. ಬದಲಿ ವ್ಯವಸ್ಥೆಗೆ ಕಾಯುವ ಅಗತ್ಯವಿಲ್ಲ. ಅದು ಆಗುವಂಥದ್ದಲ್ಲ.

೨೧. ಇದು ಈ ಇಲಾಖೆಯ ಚರಿತ್ರೆಯಲ್ಲೇ ಅತಿ ದೊಡ್ಡ ಸೋಲು ಎಂಬುದನ್ನು ಸಿಬ್ಬಂದಿಯ ಗಮನಕ್ಕೆ ತರಲಾಗಿದೆ. ಒಂದೇ ಯುದ್ಧವನ್ನು ಎರಡು ಬೇರೆ ಬೇರೆ ದಿನಗಳಂದು, ಎರಡು ಬೇರೆ ಬೇರೆ ಮಾರ್ಗಗಳಿಂದ, ಸ್ವಂತ ಸುತ್ತೋಲೆಯ ಸಹಾಯದಿಂದ ಸೋತ ಅಧೀಕ್ಷಕರು ಹಿಂದೆ ಯಾರೂ ಇರಲಿಲ್ಲ, ಮುಂದೆ ಬರುವುದೂ ಕಷ್ಟ. ಬೇರೆ ಅಧೀಕ್ಷಕರು ಪ್ರಯತ್ನಿಸಿ ನೋಡಬಹುದು.

ಮೇಲ್ಕಂಡ ಎಲ್ಲವನ್ನೂ ಎಲ್ಲರೂ ಪಾಲಿಸತಕ್ಕದ್ದು; ಪಾಲಿಸಲಾಗದವರು ಪಾಲಿಸಿದಂತೆ ಕಾಣತಕ್ಕದ್ದು.

(ಸಹಿ, ನಿಂತ ನಿಲುವಿನಲ್ಲಿ)
ಅಧೀಕ್ಷಕರು
ಅಳತೆ ಇಲಾಖೆ
ಮೂರು ಸಾವಿರದ ನಾನೂರು ಯುದ್ಧಗಳ ವಿಜೇತರು, ಒಂದನ್ನು ಹೊರತುಪಡಿಸಿ

ಪ್ರತಿಗಳು:

೧. ಮೇಲಿನ ಕಚೇರಿಗೆ, ನಿಯಮ ಪುಸ್ತಕದ ಬಗ್ಗೆ ಅಭಿಪ್ರಾಯ ಸಿದ್ಧವಾಗಿದ್ದರೆ ದಯವಿಟ್ಟು ಕಳುಹಿಸದಿರುವಂತೆ ಕೋರಿ.
೨. ಬೆಟ್ಟದಾಚೆಯ ಕಚೇರಿಯ ಅಧೀಕ್ಷಕರಿಗೆ, ಗೌಪ್ಯ. ಬರುತ್ತಿರುವವರು ಮೇಲ್ನೋಟಕ್ಕೆ ಸಾಧುವಾಗಿ ಕಾಣುತ್ತಾರೆ.
೩. ಸರ್ವೇಯರ್ ಅವರಿಗೆ, ಉಪಕರಣದ ಆರೋಗ್ಯ ವಿಚಾರಿಸಿ.
೪. ದೊಡ್ಡಣ್ಣನವರಿಗೆ, ಮುಂದೆ ಅಭಿಪ್ರಾಯವನ್ನು ಲಿಖಿತವಾಗಿ, ತುಸು ಮೆಲ್ಲಗೆ ನೀಡುವಂತೆ.
೫. ಟೈಪಿಸ್ಟ್ ಅವರಿಗೆ, ಎಚ್ಚರವಾದಾಗ.
೬. ಕಿಟಕಿಯ ಚೌಕಟ್ಟಿನಲ್ಲಿರುವವರಿಗೆ, ನೋಟಿಸ್ ಹಿಂಪಡೆದಿರುವ ಬಗ್ಗೆ.
೭. ಮೇಡಂ ಅವರಿಗೆ, ಹೊಸ ಕಚೇರಿಯ ವಿಳಾಸಕ್ಕೆ, ರಿಜಿಸ್ಟರ್ಡ್ ಟಪಾಲಿನಲ್ಲಿ. ಲಗತ್ತು: ಗುಂಡುಪಿನ್ನು, ಒಂದು. ಇದನ್ನು ಕರಾವಳಿಯಿಂದ ಎರಡನೇ ಮನೆಯಲ್ಲಿ ಇಟ್ಟುಕೊಂಡು, ತಮ್ಮ ಪ್ರತಿನಡೆಯನ್ನು ಏಳು ದಿನಗಳೊಳಗೆ ಈ ಕಚೇರಿಗೆ ಸಲ್ಲಿಸತಕ್ಕದ್ದು.